ಬೀಪ್ ಅಂದರೆ ತಿರುಗು

ನಮ್ಮ ಕಡೆ ಉದ್ದವಾಗಿ ಬೆಳೆದ ಹುಡುಗರಿಗೆ ಮೂರು ಕೆಲಸ ಖಾಯಂ: ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿಕೊಡುವುದು, ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುವುದು, ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರುವುದು. ಮೂರಕ್ಕೂ ಅವರ ಒಪ್ಪಿಗೆ ಕೇಳುವ ಪದ್ಧತಿಯಿಲ್ಲ. ಚಿಂತಾಮಣಿಯಲ್ಲಿ ನಾನು ಹೈಸ್ಕೂಲು ಓದುವಾಗ ಹಿಂದಿನ ಬೆಂಚಿನವನೊಬ್ಬ ಒಂಬತ್ತನೇ ಕ್ಲಾಸಿಗೇ ಆರಡಿ ಮುಟ್ಟಿದ್ದ. ಡ್ರಿಲ್ ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ ಅವನ ತಲೆ ಕಂಡದ್ದೇ ಬೆರಳು ತೋರಿಸಿ, 'ಏಯ್, ಸಂಜೆ ಗ್ರೌಂಡಿಗೆ ಬಾ' ಅಂದರು. ಆಯ್ಕೆ ಮುಗಿಯಿತು. ಪಾಪ, ಅವನಿಗೆ ಚೆಂಡು ಕಂಡರೆ ಭಯ. ಯಾರಾದರೂ ಪಾಸ್ ಕೊಟ್ಟರೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ ನಿಂತುಬಿಡುತ್ತಿದ್ದ. ಎದುರು ತಂಡದವರು ಮೈದಾನದ ಕಂಬಕ್ಕೆ ಕೊಡುವಷ್ಟೇ ಗೌರವ ಅವನಿಗೂ ಕೊಟ್ಟು ಪಕ್ಕದಲ್ಲಿ ಹಾದುಹೋಗುತ್ತಿದ್ದರು. ಮುಂದೆ ಅವನು ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆದ. ಅಲ್ಲಾದರೂ ಆ ಎತ್ತರ ಉಪಯೋಗಕ್ಕೆ ಬಂತು ಎಂದು ಬರೆಯುವ ಆಸೆಯಿತ್ತು, ಆದರೆ ಕೆ.ಇ.ಬಿ.ಯವರು ಎಲ್ಲರಿಗೂ ಏಣಿ ಕೊಡುತ್ತಿದ್ದರು.

ಕಣ್ಣಳತೆಯ ಆ ಕಾಲ ಹೋಯಿತು. ಈಗ ಟೆಸ್ಟು. ಅದು ನನಗೆ ಗೊತ್ತಾದದ್ದು ತಮ್ಮನ ಮಗಳಿಂದ. ಅವಳು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಓದುತ್ತಾಳೆ. ಎತ್ತರದಲ್ಲಿ ನಮ್ಮ ವಂಶದ ಮರ್ಯಾದೆ ಮೀರಿದವಳಲ್ಲ: ಐದಡಿ ಒಂದಿಂಚು, ಅದೂ ಜುಟ್ಟು ಎತ್ತಿ ಕಟ್ಟಿದ ದಿನ. ಕಬಡ್ಡಿ, ಖೊಖೊ, ವಾಲಿಬಾಲ್ ಇಷ್ಟನ್ನೇ ಆಟವೆಂದು ನಂಬಿರುವ ನಮ್ಮ ತಾಲ್ಲೂಕುಗಳಲ್ಲಿ ಅವಳಿಗೆ ಅದು ಹೇಗೋ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ಜಿಲ್ಲಾ ತಂಡದ ಆಯ್ಕೆ ಇದೆ, ಅದಕ್ಕೆ ಮೊದಲು ಫಿಟ್‌ನೆಸ್ ಟೆಸ್ಟ್ ಇದೆ ಎಂದು ಅವಳು ಮನೆಯಲ್ಲಿ ಹೇಳಿದಾಗ ಅವಳಮ್ಮ ಕೇಳಿದ ಮೊದಲ ಪ್ರಶ್ನೆ, 'ಯಾಕೆ, ಮೈಗೆ ಹುಷಾರಿಲ್ವಾ?' ನಮ್ಮಲ್ಲಿ ಟೆಸ್ಟ್ ಎಂದರೆ ರಕ್ತ, ಮೂತ್ರ, ಶುಗರು. ಹುಷಾರಾಗಿರುವವರಿಗೂ ಟೆಸ್ಟ್ ಮಾಡುತ್ತಾರೆ ಎಂಬುದು ಆಕೆಗೆ ಸ್ವಲ್ಪ ಅಪಶಕುನದಂತೆಯೇ ಕಂಡಿತು.

ಆದರೆ ನನ್ನ ತಮ್ಮ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ರೀಲರು. ಪರೀಕ್ಷೆಯ ವಿಷಯವನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವನು ಲಾಟಿನಿಂದ ಲಾಟಿಗೆ ನಡೆಯುವುದನ್ನು ನೋಡಬೇಕು. ಒಂದು ಹಿಡಿ ಗೂಡು ಎತ್ತುತ್ತಾನೆ, ಹೆಬ್ಬೆರಳಿನಲ್ಲಿ ಒತ್ತಿ ಗಟ್ಟಿಯೋ ಮೆತ್ತಗೋ ನೋಡುತ್ತಾನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಗಲಗಲ ಅಂದರೆ ಸರಿ. ಅಂಟಿಕೊಂಡಿದ್ದರೆ ಮೋರೆ ಗಂಟಿಕ್ಕಿ ಮುಂದಕ್ಕೆ. ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಸೊಪ್ಪು ತಿಂದು, ಚಂದ್ರಿಕೆ ಏರಿ ಹುಳು ಕಟ್ಟಿದ ಗೂಡಿನ ಹಣೆಬರಹ ಆ ಅರ್ಧ ನಿಮಿಷದಲ್ಲಿ ತೀರ್ಮಾನ. ಬಿಸಿನೀರಿಗೆ ಹಾಕಿ ಎಳೆ ಬಿಚ್ಚಿದ ಮೇಲೆ ಗೊತ್ತಾಗುವುದು ಬೇರೆಯೇ ಇರಬಹುದು. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂತು ಎನ್ನುವ ಲೆಕ್ಕ ಮನೆಗೆ ಹೋದ ಮೇಲಿನದು. 'ಅಷ್ಟೇ ಕಣೋ ಇದೂ' ಅಂದ ನನಗೆ. 'ಕೈಗೆ ಸಿಗೋದನ್ನ ನೋಡ್ತಾರೆ. ಒಳಗಿರೋದು ಆಮೇಲೆ.' ಮಗಳ ಆಟದ ಬಗ್ಗೆ ಏನೂ ಗೊತ್ತಿಲ್ಲದವನು ಹೇಳಿದ ಈ ಮಾತು ಮುಂದೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸಲೀಸಾಗಿ ಸಿಗಲಿಲ್ಲ. ಅವನಿಗೆ ಹರಾಜಿನ ಹೊತ್ತಾಗಿತ್ತು. ಹುಡುಗಿಯನ್ನು ಅಭ್ಯಾಸಕ್ಕೂ ಟೆಸ್ಟಿಗೂ ಕರೆದುಕೊಂಡು ಹೋಗುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂತು. ನಿವೃತ್ತರಿಗೂ ಯಾರೂ ಒಪ್ಪಿಗೆ ಕೇಳುವುದಿಲ್ಲ.

ಅಭ್ಯಾಸ ನಡೆಯುವ ಶಾಲೆಯ ಮೈದಾನದಲ್ಲಿ ಇರುವುದು ಒಂದೇ ರಿಂಗು. ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದಾಗ ನನಗೆ ಹೊಳೆದ ಪ್ರಶ್ನೆ: ಇದನ್ನು ಇಷ್ಟು ಮೇಲೆ ಕಟ್ಟಿದವರು ಯಾರು, ಯಾಕೆ? ಉತ್ತರ ಹುಡುಕಿದರೆ ನಗು ಬರುತ್ತದೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆ. ಹೊರಗೆ ಹಿಮ, ಒಳಗೆ ಹದಿನೆಂಟು ಜನ ತಂಟೆಕೋರ ವಿದ್ಯಾರ್ಥಿಗಳು. ಅವರನ್ನು ಚಳಿಗಾಲ ಕಳೆಯುವ ತನಕ ಸುಮ್ಮನಿರಿಸಲು ಒಂದು ಆಟ ಬೇಕಾಗಿತ್ತು. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹದಿಮೂರು ನಿಯಮ ಬರೆದರು. ಜವಾನನನ್ನು ಕರೆದು ಎರಡು ಪೆಟ್ಟಿಗೆ ತಾ ಎಂದರು. ಅವನಿಗೆ ಪೆಟ್ಟಿಗೆ ಸಿಗಲಿಲ್ಲ, ಪೀಚ್ ಹಣ್ಣಿನ ಬುಟ್ಟಿ ಸಿಕ್ಕಿತು. ಚಿಂತಾಮಣಿಯಾಗಿದ್ದರೆ ಮಾವಿನ ಮಂಕರಿ ಸಿಗುತ್ತಿತ್ತು. ವ್ಯಾಯಾಮಶಾಲೆಯ ಗ್ಯಾಲರಿಯ ಕಟಾಂಜನಕ್ಕೆ ಆ ಬುಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದರು. ಆ ಕಟಾಂಜನ ನೆಲದಿಂದ ಹತ್ತಡಿ ಇತ್ತು. ಅಷ್ಟೇ ಕಾರಣ. ಇವತ್ತಿಗೂ ರಿಂಗು ಹತ್ತಡಿ, ಮೀಟರಿನ ಲೆಕ್ಕದಲ್ಲಿ 3.05. ಜಗತ್ತಿನಾದ್ಯಂತ ಮಕ್ಕಳು ಗೋಡೆ ಪಕ್ಕ ಎಗರೆಗರಿ ಜಿಗಿತ ಅಳೆಸಿಕೊಳ್ಳುತ್ತಿರುವುದು, ತಾಯಂದಿರು ಎತ್ತರ ಬೆಳೆಯಲೆಂದು ಬಾಗಿಲ ಚೌಕಟ್ಟಿಗೆ ನೇತಾಡಿಸುವುದು, ಹಾಲಿಗೆ ಡಬ್ಬಿಯ ಪುಡಿ ಬೆರೆಸುವುದು ಎಲ್ಲಕ್ಕೂ ಮೂಲ ಆ ಗ್ಯಾಲರಿಯ ಬಡಗಿ. ಅವನು ಗ್ಯಾಲರಿಯನ್ನು ಎಂಟಡಿಗೆ ಕಟ್ಟಿದ್ದರೆ ನಮ್ಮ ಹುಡುಗಿಯ ಭವಿಷ್ಯವೇ ಬೇರೆ. ಅಂದ ಹಾಗೆ ಮೊದಲ ಆಟ ಮುಗಿದದ್ದು ಒಂದು ಗೋಲಿಗೆ ಸೊನ್ನೆ. ಬುಟ್ಟಿಗೆ ತಳ ಇತ್ತು, ಬಿದ್ದ ಚೆಂಡನ್ನು ಯಾರಾದರೂ ಹತ್ತಿ ತೆಗೆಯಬೇಕಾಗಿತ್ತು.

ಈ ಆಟ ಸ್ಪ್ರಿಂಗ್‌ಫೀಲ್ಡ್‌ನಿಂದ ಶಿಡ್ಲಘಟ್ಟಕ್ಕೆ ಬಂದ ದಾರಿಯೂ ವೈ.ಎಂ.ಸಿ.ಎ.ಯದೇ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ದಕ್ಷಿಣ ದೇಶದ ಎಷ್ಟೋ ಡ್ರಿಲ್ ಮೇಷ್ಟ್ರುಗಳು ಅಲ್ಲಿ ಪಳಗಿ, ಕೊರಳಿಗೆ ಸೀಟಿ ಹಾಕಿಕೊಂಡು ಊರೂರಿಗೆ ಹೋದರು. ಬೆಂಗಳೂರಿನಲ್ಲಿ ಆಟ ಚೆನ್ನಾಗಿ ಬೇರು ಬಿಟ್ಟಿತು. ಮಲ್ಲೇಶ್ವರದ ಬೀಗಲ್ಸ್‌ನಂಥ ಕ್ಲಬ್ಬುಗಳು ಹುಟ್ಟಿದವು, ಕಂಠೀರವದಲ್ಲಿ ಒಳಾಂಗಣ ಎದ್ದಿತು. ನಮ್ಮ ಕಡೆ ಬಂದದ್ದು ಆ ಬೇರಿನ ತುದಿ. ನಾಲ್ಕು ಊರಿನಲ್ಲೂ ಕ್ರೀಡಾಂಗಣಕ್ಕೆ ಹೆಸರು ಮಾತ್ರ ದೊಡ್ಡದಿದೆ: ಚಿಕ್ಕಬಳ್ಳಾಪುರದಲ್ಲಿ ಸರ್ ಎಂ.ವಿ., ಚಿಂತಾಮಣಿಯಲ್ಲಿ ಝಾನ್ಸಿ ರಾಣಿ, ಶಿಡ್ಲಘಟ್ಟದಲ್ಲಿ ನೆಹರು, ಗೌರಿಬಿದನೂರಿನಲ್ಲಿ ನೇತಾಜಿ. ಸ್ವಾತಂತ್ರ್ಯ ತರುವ ತಂಡ ಕಟ್ಟಲು ಇಷ್ಟು ಸಾಕು.

ಜಿಗಿತದ ಪರೀಕ್ಷೆಗೆ ಸಾರ್ಜೆಂಟ್ ಜಂಪ್ ಎನ್ನುತ್ತಾರೆ. ಪೊಲೀಸಿಗೂ ಇದಕ್ಕೂ ಸಂಬಂಧವಿಲ್ಲ. ಹಾರ್ವರ್ಡ್‌ನ ವ್ಯಾಯಾಮಶಾಲೆಯನ್ನು ದಶಕಗಟ್ಟಲೆ ನೋಡಿಕೊಂಡ ಡಡ್ಲಿ ಸಾರ್ಜೆಂಟ್ 1921ರಲ್ಲಿ ಇದರ ಬಗ್ಗೆ ಬರೆದರು. ನಮ್ಮ ಶಾಲೆಗಳಲ್ಲಿ ಅದನ್ನು ಮಾಡುವ ಬಗೆ ಬಹಳ ಸರಳ. ಗೋಡೆಗೆ ಪಕ್ಕವಾಗಿ ನಿಂತು ಕೈಯನ್ನು ಪೂರಾ ಮೇಲೆತ್ತಬೇಕು, ಬೆರಳ ತುದಿ ಮುಟ್ಟಿದಲ್ಲಿ ಗುರುತು. ಆಮೇಲೆ ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ನಿಂತಲ್ಲಿಂದಲೇ ಮಂಡಿ ಬಗ್ಗಿಸಿ ಎಗರಿ ಗೋಡೆ ತಟ್ಟಬೇಕು. ಎರಡು ಗುರುತಿನ ನಡುವಿನ ಅಂತರವೇ ಜಿಗಿತ. ಈ ವಿಧಾನದ ಸೊಗಸು ಏನೆಂದರೆ ಕುಳ್ಳರಿಗೆ ಇಲ್ಲಿ ಅನ್ಯಾಯವಿಲ್ಲ. ಅವರವರ ಕೈಯೇ ಅವರವರ ಅಳತೆಗೋಲು. ಇದರ ಇನ್ನೊಂದು ಸೊಗಸನ್ನು ಮಕ್ಕಳು ಮೊದಲ ದಿನವೇ ಪತ್ತೆ ಮಾಡುತ್ತಾರೆ. ಮೊದಲ ಗುರುತಿಗೆ ಭುಜವನ್ನು ಒಂದಿಷ್ಟು ಕುಗ್ಗಿಸಿ ನಿಂತರೆ ಸಾಕು, ಜಿಗಿತಕ್ಕೆ ಮೂರು ಬೆರಳು ಲಾಭ. ಪಿ.ಟಿ. ಮೇಷ್ಟ್ರಿಗೆ ಇದು ಗೊತ್ತಿಲ್ಲವೇ? ಅವರೂ ಒಂದು ಕಾಲದಲ್ಲಿ ಕುಗ್ಗಿದವರೇ. ಒಬ್ಬೊಬ್ಬರ ಹಿಂದೆಯೂ ನಿಂತು, ಕೈಯನ್ನು ಹಿಡಿದು ಮೇಲಕ್ಕೆ ಎಳೆದು, 'ಇನ್ನೂ ಇದೆ, ಇನ್ನೂ ಇದೆ, ಬರ್ಲಿ ಆಚೆಗೆ' ಎನ್ನುತ್ತಿದ್ದರು. ಒಬ್ಬ ಹುಡುಗನ ಕೈಯಿಂದ ಹಾಗೆ ಎರಡಿಂಚು ಆಚೆಗೆ ಬಂದಾಗ ಉಳಿದವರು ಚಪ್ಪಾಳೆ ತಟ್ಟಿದರು.

ಆ ಗೋಡೆಯನ್ನು ನೋಡುವುದೇ ಒಂದು ಸಂತೋಷ. ವರ್ಷವರ್ಷದ ಸುಣ್ಣದ ಬೆರಳುಗಳು ಒಂದರ ಮೇಲೊಂದು ಕೂತಿವೆ. ಯಾರದ್ದು ಯಾವುದೆಂದು ಕೇಳುವಂತಿಲ್ಲ. ಮೇಷ್ಟ್ರಿಗೆ ಮಾತ್ರ ಒಂದೆರಡರ ನೆನಪಿದೆ. ಎಲ್ಲಕ್ಕಿಂತ ಮೇಲಿನದು ಮಿಲಿಟರಿಗೆ ಸೇರಿದ ಹುಡುಗನದಂತೆ.

ಜಿಗಿತದ ಮಾತು ಬಂದಾಗ ಗೌರಿಬಿದನೂರನ್ನು ನೆನೆಯದಿರಲು ನನ್ನಿಂದ ಆಗುವುದಿಲ್ಲ. ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಿಂದ ನೆಲದಲ್ಲಿ ಉಪಕರಣಗಳನ್ನು ಸಾಲಾಗಿ ಹುಗಿದಿಟ್ಟು ಭೂಮಿಯ ನಡುಕ ಕೇಳುತ್ತಿದ್ದಾರೆ. ದೂರದೂರದ ದೇಶಗಳಲ್ಲಿ ನೆಲದೊಳಗೆ ಬಾಂಬು ಸಿಡಿಸಿದರೂ ನಮ್ಮ ಗೌರಿಬಿದನೂರಿಗೆ ಗೊತ್ತಾಗುತ್ತದೆ. ಮಕ್ಕಳ ಒತ್ತಾಯಕ್ಕೆ ನಮ್ಮ ಪಿ.ಟಿ. ಮೇಷ್ಟ್ರು ಒಮ್ಮೆ ಬೆರಳಿಗೆ ಸುಣ್ಣ ಹಚ್ಚಿ ಎಗರಿದರು. ಅವರು ಗೋಡೆ ಮುಟ್ಟಿದ್ದಕ್ಕಿಂತ ನೆಲ ಮುಟ್ಟಿದ್ದು ಹೆಚ್ಚು ಕೇಳಿಸಿತು. ಆ ಸಂಜೆ ಗೌರಿಬಿದನೂರಿನವರು ಯಾವ ದೇಶವನ್ನು ಅನುಮಾನಿಸಿದರೋ.

ಇವೆಲ್ಲ ಪೀಠಿಕೆ. ನಿಜವಾದ ಟೆಸ್ಟು ಬೀಪ್ ಟೆಸ್ಟು. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ. ಒಂದರಿಂದ ಇನ್ನೊಂದಕ್ಕೆ ಓಡಬೇಕು. ಬೀಪ್ ಅನ್ನುವಷ್ಟರಲ್ಲಿ ಗೆರೆ ಮುಟ್ಟಿರಬೇಕು. ಬೀಪ್ ಅಂದರೆ ತಿರುಗಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ಲುಕ್ ಲೇಜೆ ಎಂಬ ವಿಜ್ಞಾನಿ 1980ರ ದಶಕದಲ್ಲಿ ರೂಪಿಸಿದ್ದು. ಮೊದಲ ನಿಮಿಷ ಗಂಟೆಗೆ ಎಂಟೂವರೆ ಕಿಲೋಮೀಟರ್ ವೇಗ. ಬೀಗರ ಮನೆಯಲ್ಲಿ ಊಟಕ್ಕೆ ಕರೆದಾಗ ನಾವು ಏಳುವುದು ಹೆಚ್ಚುಕಡಿಮೆ ಇದೇ ಹದದಲ್ಲಿ. ಆತುರವಿದೆ, ಆದರೆ ಕಾಣಿಸಬಾರದು. ಆಮೇಲೆ ನಿಮಿಷಕ್ಕೊಮ್ಮೆ ಅರ್ಧ ಕಿಲೋಮೀಟರ್ ಏರುತ್ತಾ ಹೋಗುತ್ತದೆ. ಮೂರನೇ ಹಂತದ ತನಕ ಮಾತು, ನಗು, ಪಕ್ಕದವಳ ಜಡೆ ಎಳೆಯುವುದು. ಐದಕ್ಕೆ ಮಾತು ನಿಲ್ಲುತ್ತದೆ. ಏಳಕ್ಕೆ ಮುಖದ ಬಣ್ಣ ತಿರುಗುತ್ತದೆ. ಹತ್ತನೇ ಹಂತ ಬರುವ ಹೊತ್ತಿಗೆ ಇಪ್ಪತ್ತು ಮೀಟರಿಗೆ ಸಿಗುವುದು ಐದೂವರೆ ಸೆಕೆಂಡು. ಅದರೊಳಗೆ ಓಡಿ, ನಿಂತು, ತಿರುಗಬೇಕು. ಬೀಪ್ ಎರಡು ಸಲ ಒಂದರ ಹಿಂದೊಂದು ತಪ್ಪಿತೋ, ಹೊರಗೆ.

ಕ್ರಿಕೆಟ್‌ನವರಿಂದ ಮನೆಮಾತಾದ ಯೋ-ಯೋ ಟೆಸ್ಟು ಇದರ ತಂಗಿ. ಡೆನ್ಮಾರ್ಕ್‌ನ ಯೆನ್ಸ್ ಬಾಂಗ್ಸ್‌ಬೊ ಮಾಡಿದ್ದು. ಅದರಲ್ಲಿ ಹೋಗಿ ಬಂದ ಮೇಲೆ ಹತ್ತು ಸೆಕೆಂಡ್ ಉಸಿರಾಡಲು ಬಿಡುತ್ತಾರೆ. ಬ್ಯಾಸ್ಕೆಟ್‌ಬಾಲ್‌ಗೆ ಇದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಬಡ ಅಭಿಪ್ರಾಯ. ಈ ಆಟದಲ್ಲಿ ಯಾರೂ ಒಂದೇ ಸಮನೆ ಓಡುವುದಿಲ್ಲ. ಅಂಗಳ ಇಪ್ಪತ್ತೆಂಟು ಮೀಟರ್ ಉದ್ದ, ಹದಿನೈದು ಅಗಲ. ಚೆಂಡು ಸಿಕ್ಕ ತಂಡ ಎಂಟು ಸೆಕೆಂಡಿನಲ್ಲಿ ಅರ್ಧ ದಾಟಬೇಕು, ಇಪ್ಪತ್ನಾಲ್ಕರಲ್ಲಿ ಬುಟ್ಟಿಗೆ ಎಸೆಯಬೇಕು. ಓಡು, ಗಕ್ಕನೆ ನಿಲ್ಲು, ಪಕ್ಕಕ್ಕೆ ಜರುಗು, ಎಗರು, ಹಿಂದಕ್ಕೆ ಓಡು. ಮತ್ತೆ ರೆಫರಿ ಸೀಟಿ ಊದಿದಾಗ ಸೊಂಟಕ್ಕೆ ಕೈ ಕೊಟ್ಟು ಸ್ವಲ್ಪ ಉಸಿರು. ಹತ್ತು ನಿಮಿಷದ ನಾಲ್ಕು ಪಾಳಿ ಹೀಗೆ. ಸುಮ್ಮನೆ ಮೈಲಿಗಟ್ಟಲೆ ಓಡುವವರು ಇಲ್ಲಿ ನಾಲ್ಕೇ ನಿಮಿಷಕ್ಕೆ ನಾಲಿಗೆ ಚಾಚುವುದುಂಟು.

ಹಿಂದೆ ಈ ಬೀಪನ್ನು ಕ್ಯಾಸೆಟ್ಟಿನಲ್ಲಿ ಹಾಕುತ್ತಿದ್ದರಂತೆ. ಈಗ ಮೇಷ್ಟ್ರ ಮೊಬೈಲು, ಅದಕ್ಕೊಂದು ಬ್ಲೂಟೂತ್ ಸ್ಪೀಕರು. ಹುಡುಗಿಯರೆಲ್ಲ ಆರನೇ ಹಂತದಲ್ಲಿ ಹಲ್ಲು ಕಚ್ಚಿ ಓಡುತ್ತಿದ್ದಾಗ ಒಂದು ಸಂಜೆ ಮೊಬೈಲಿಗೆ ಕರೆ ಬಂತು. ಸ್ಪೀಕರಿನಿಂದ ಬೀಪ್ ನಿಂತು, ಮಂಜುನಾಥಸ್ವಾಮಿಯ ಮೇಲಿನ ಭಕ್ತಿಗೀತೆ ಮೈದಾನವಿಡೀ ಮೊಳಗಿತು. ಅರ್ಧ ಜನ ತಿರುಗಿದರು, ಅರ್ಧ ಜನ ನಿಂತರು, ಒಬ್ಬಳು ಅಭ್ಯಾಸಬಲದಿಂದ ಕೈಮುಗಿದಳು. ಮೇಷ್ಟ್ರು ಎತ್ತಿದರೆ ಆ ಕಡೆಯಿಂದ ಒಂದು ಸುಮಧುರ ಹೆಣ್ಣುದನಿ, 'ಸರ್, ನಿಮಗೆ ಪರ್ಸನಲ್ ಲೋನ್ ಬೇಕಾ?' ಅದೂ ಸ್ಪೀಕರಿನಲ್ಲೇ. ಆಮೇಲೆ ದೊಡ್ಡ ವಾದ: ನಿಂತಲ್ಲಿಂದ ಮುಂದುವರಿಸುವುದೋ, ಮೊದಲಿಂದಲೋ? ಮೇಷ್ಟ್ರು ಮೊದಲಿಂದ ಅಂದರು. ಶಾಸ್ತ್ರದ ಪ್ರಕಾರ ಅದೇ ಸರಿ. ಹುಡುಗಿಯರು ಆ ಬ್ಯಾಂಕಿನವರಿಗೆ ಇಟ್ಟ ಶಾಪ ತಟ್ಟಿದ್ದರೆ ಅವರ ಸಾಲವೆಲ್ಲ ವಸೂಲಾಗದೆ ಉಳಿದಿರಬೇಕು.

ಇಷ್ಟೆಲ್ಲ ಇದ್ದರೂ ನನಗೆ ಆ ಬೀಪಿನ ಮೇಲೆ ಗೌರವ. ನಮ್ಮ ಸೀಮೆಯಲ್ಲಿ ಮಾತಿನಿಂದ ಆಗದ ಕೆಲಸ ಕಡಿಮೆ. ಹಾಸ್ಟೆಲ್ ಸೀಟಿಗೆ ಒಬ್ಬರ ಮಾತು, ಸೊಸೈಟಿ ಸಾಲಕ್ಕೆ ಇನ್ನೊಬ್ಬರದು. ಬೋರ್‌ವೆಲ್ಲಿನ ಕರೆಂಟಿಗೂ ಗೊತ್ತಿರುವವರು ಬೇಕು. ಬೀಪಿಗೆ ಯಾರೂ ಗೊತ್ತಿಲ್ಲ. ಒಮ್ಮೆ ಹುಡುಗರ ಸರದಿಯಲ್ಲಿ ಒಳ್ಳೆಯ ಶೂ, ತಲೆಗೆ ಪಟ್ಟಿ, ಕೈಗಡಿಯಾರ ಎಲ್ಲ ತೊಟ್ಟು ಬಂದ ಪುಢಾರಿಯೊಬ್ಬರ ಮಗನೂ, ಆಂಧ್ರದ ಗಡಿ ಕಡೆಯ ಹಳ್ಳಿಯಿಂದ ಬರಿಗಾಲಿನಲ್ಲಿ ಬಂದವನೂ ಅಕ್ಕಪಕ್ಕ ಓಡಿದರು. ಆರನೇ ಹಂತಕ್ಕೆ ಗಡಿಯಾರದವನು ಗೆರೆಯ ಮೇಲೆ ಕೂತುಬಿಟ್ಟ. ಬರಿಗಾಲಿನವನು ಒಬ್ಬನೇ ಉಳಿದರೂ ಓಡುತ್ತಲೇ ಇದ್ದ. ಮೇಷ್ಟ್ರು ಕನ್ನಡ ಮರೆತು ತೆಲುಗಿಗೆ ಇಳಿದರು: 'ಉರುಕ್ರಾ, ಉರುಕು!' ನಮ್ಮ ಕಡೆ ಸಂತೋಷ ಹೆಚ್ಚಾದಾಗಲೂ ಸಿಟ್ಟು ಹೆಚ್ಚಾದಾಗಲೂ ಬರುವುದು ತೆಲುಗೇ. ಆಮೇಲೆ ಕೇಳಿದರೆ ಆ ಹುಡುಗ ದಿನಾ ಬಸ್ಸು ತಪ್ಪಿಸಿಕೊಳ್ಳುತ್ತಾನೆ, ಶಾಲೆಗೆ ಬರುವುದು ಓಡಿಕೊಂಡೇ ಎಂದು ತಿಳಿಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿನ ದುಡ್ಡಿಲ್ಲದೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಓದಲು ನಡೆದುಕೊಂಡೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ದಾರಿಯಲ್ಲಿ ಯಾರೂ ಅವರ ಹಂತ ಎಣಿಸಲಿಲ್ಲ.

ಆಯ್ಕೆ ನಡೆದದ್ದು ಚಿಕ್ಕಬಳ್ಳಾಪುರದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ. ಅಂಕಿಅಂಶವಿಲ್ಲದೆ ಮಾತಾಡಬಾರದು ಎನ್ನುತ್ತಿದ್ದ ಮುದ್ದೇನಹಳ್ಳಿಯ ಆ ಎಂಜಿನಿಯರ ಹೆಸರಿನ ಜಾಗದಲ್ಲಿ ಅಳ್ಳಕದ ಟೇಪು ಹಿಡಿದು ಎತ್ತರ ಅಳೆಯುತ್ತಿದ್ದದ್ದು ನೋಡಿ ಸ್ವಲ್ಪ ಕಸಿವಿಸಿಯಾಯಿತು. ಅವರು ಬದುಕಿದ್ದರೆ ಮೊದಲು ಟೇಪನ್ನೇ ಅಳೆಸುತ್ತಿದ್ದರು. ಎತ್ತರ, ತೂಕ, ಮೂವತ್ತು ಮೀಟರ್ ಓಟ, ನಿಂತ ಜಾಗದಿಂದ ಉದ್ದ ಜಿಗಿತ, ಎತ್ತರ ಜಿಗಿತ, ಮೆಡಿಸಿನ್ ಬಾಲ್ ಎಸೆತ, ಕೂತು ಮುಂದಕ್ಕೆ ಬಾಗಿ ಬೆರಳು ಚಾಚುವುದು ಎಲ್ಲ ಸಾಲಾಗಿ ನಡೆದವು. ಬಾಗುವ ಪರೀಕ್ಷೆಯಲ್ಲಿ ನಮ್ಮ ಹುಡುಗರು ಒದ್ದಾಡುವುದನ್ನು ನೋಡುತ್ತಾ ಬೇಲಿಯಾಚೆ ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬಳು ನಕ್ಕಳು. ನೆಲಗಡಲೆ ಹೊಲದಲ್ಲಿ ಬೆಳಗಿನಿಂದ ಸಂಜೆತನಕ ಬಗ್ಗಿ ಕಳೆ ಕಿತ್ತವರಿಗೆ ಇದು ಆಟದಂತೆ ಕಾಣದೆ ಇನ್ನೇನು. ಅವಳನ್ನು ಕೂರಿಸಿದ್ದರೆ ಅಳತೆಯ ಡಬ್ಬದ ಆಚೆಗೂ ಕೈ ಹೋಗುತ್ತಿತ್ತು.

ನಮ್ಮ ಹುಡುಗಿ ಬೀಪಿನಲ್ಲಿ ಚೆನ್ನಾಗಿ ಓಡಿದಳು, ಜಿಗಿತದಲ್ಲಿ ಮಧ್ಯಮ, ಎತ್ತರದ ಕಾಲಮ್ಮಿನಲ್ಲಿ ಬರೆಯುವವರು ಪೆನ್ನು ಎತ್ತಿ ಅವಳ ಮುಖ ನೋಡಿದರು. ಆ ಒಂದು ನೋಟ ನನಗೆ ಸರಿ ಬರಲಿಲ್ಲ. ಮಿಕ್ಕ ಎಲ್ಲವನ್ನೂ ಅಭ್ಯಾಸದಿಂದ ತಿದ್ದಬಹುದು. ಎತ್ತರಕ್ಕೆ ಯಾವ ಮೇಷ್ಟ್ರೂ ಹೋಮ್‌ವರ್ಕ್ ಕೊಡಲಾರರು. ದಾರಿಯಲ್ಲಿ ಬಸ್ಸಿನಲ್ಲಿ ಅವಳಿಗೆ ಮಗ್ಸಿ ಬೋಗ್ಸ್ ಕಥೆ ಹೇಳಿದೆ. ಐದಡಿ ಮೂರಿಂಚಿನ ಆಳು, ದೈತ್ಯರೇ ತುಂಬಿರುವ ಅಮೆರಿಕದ ಎನ್.ಬಿ.ಎ. ಲೀಗಿನಲ್ಲಿ 1987ರಿಂದ ಹದಿನಾಲ್ಕು ಸೀಸನ್ ಆಡಿದ. ಅವಳು ಲೆಕ್ಕ ಹಾಕಿ, 'ನನಗಿಂತ ಎರಡಿಂಚು ಉದ್ದ, ದೊಡ್ಡಪ್ಪ' ಅಂದಳು. ಹಾಗಾದರೆ ಕೆವಿನ್ ಡ್ಯುರಾಂಟ್ ಅಂದೆ. 2007ರಲ್ಲಿ ಎನ್.ಬಿ.ಎ. ಆಯ್ಕೆಗೆ ಮುಂಚಿನ ಪರೀಕ್ಷೆಯಲ್ಲಿ 185 ಪೌಂಡಿನ, ಅಂದರೆ ಸುಮಾರು 84 ಕಿಲೋ ತೂಕದ ಕಬ್ಬಿಣವನ್ನು ಮಲಗಿ ಎತ್ತಬೇಕಿತ್ತು. ಅವನಿಗೆ ಒಂದು ಸಲವೂ ಎತ್ತಲಾಗಲಿಲ್ಲ. ಆದರೂ ಎರಡನೆಯವನಾಗಿ ಆಯ್ಕೆಯಾದ, 2014ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡ. ಹತ್ತಿರದ ಉದಾಹರಣೆ ಬೇಕಾದರೆ ಕ್ರಿಕೆಟ್‌ನ ಮೊಹಮ್ಮದ್ ಶಮಿ. 2018ರಲ್ಲಿ ಯೋ-ಯೋ ಪಾಸಾಗದೆ ಬೆಂಗಳೂರಿನ ಆಫ್ಘಾನಿಸ್ತಾನ ಟೆಸ್ಟ್ ತಪ್ಪಿಸಿಕೊಂಡರು, ಅದೇ ವರ್ಷ ತಂಡಕ್ಕೆ ಮರಳಿ ರಾಶಿ ವಿಕೆಟ್ ಕಿತ್ತರು. ಇನ್ನೂ ಹತ್ತಿರ ಬೇಕೆಂದರೆ 2017ರ ಜುಲೈ, ಕಂಠೀರವ ಒಳಾಂಗಣ, ಮಹಿಳೆಯರ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್. ಕಜಕಸ್ತಾನದ ಎತ್ತರದ ಹೆಣ್ಣುಮಕ್ಕಳನ್ನು ನಮ್ಮವರು 75-73ರಲ್ಲಿ ಸೋಲಿಸಿ ಎ ಡಿವಿಷನ್‌ಗೆ ಹೋದರು. ಆ ಎರಡು ಪಾಯಿಂಟು ಯಾವ ಟೇಪಿನಲ್ಲಿತ್ತು?

'ಹಂಗಂತ ಟೆಸ್ಟೇ ಬೇಡ ಅಂತೀಯಾ?' ಅಂದಳು ಹುಡುಗಿ. ಹಾಗೇನೂ ಅಲ್ಲ. ಟೆಸ್ಟು ಇಲ್ಲದಿದ್ದರೆ ಮತ್ತೆ ಪ್ರಾರ್ಥನೆಯ ಸಾಲಿನಲ್ಲಿ ಬೆರಳು ತೋರಿಸುವ ಕಾಲ. ಅದಕ್ಕಿಂತ ಬೀಪೇ ವಾಸಿ. ಆಯ್ಕೆಯ ಅತ್ಯಂತ ಹಳೆಯ ಪದ್ಧತಿ ಚಿಂತಾಮಣಿಯ ಹತ್ತಿರದ ಕೈವಾರದ್ದು. ಅದೇ ಏಕಚಕ್ರನಗರವೆಂದು ನಮ್ಮವರ ನಂಬಿಕೆ. ಬಕಾಸುರನ ಹತ್ತಿರ ಹೋಗಲು ಒಬ್ಬ ಆಳು ಬೇಕಾಗಿತ್ತು. ಕುಂತಿಯೊಬ್ಬಳೇ ಆಯ್ಕೆ ಸಮಿತಿ. ಐದು ಜನರಲ್ಲಿ ಯಾರನ್ನೂ ಓಡಿಸಲಿಲ್ಲ, ಎಗರಿಸಲಿಲ್ಲ. ಯಾರ ಹೊಟ್ಟೆ ಯಾವಾಗಲೂ ಖಾಲಿಯೋ ಅವನನ್ನು ಕಳಿಸಿದಳು. ಭೀಮ ಗಾಡಿಯ ಅನ್ನವನ್ನೆಲ್ಲ ತಾನೇ ಉಂಡು, ಆಮೇಲೆ ಆಟಕ್ಕೆ ಇಳಿದ. ಪಂದ್ಯಕ್ಕೆ ಮುಂಚೆ ಅಷ್ಟು ತಿನ್ನಬಾರದೆಂದು ಇಂದಿನ ತರಬೇತುದಾರರು ಹೇಳುತ್ತಾರೆ. ಗೆದ್ದವನನ್ನು ಯಾರೂ ಕೇಳಲಿಲ್ಲ. ತಕರಾರು ಎತ್ತಿದವನು ಧರ್ಮರಾಯ ಒಬ್ಬನೇ, ಅವನನ್ನೂ ತಾಯಿ ಒಪ್ಪಿಸಿದಳು. ಇವತ್ತಾಗಿದ್ದರೆ ನಕುಲನ ಕಡೆಯವರು ಅರ್ಜಿ ಹಾಕುತ್ತಿದ್ದರು.

ಈ ಓಡಾಟದಲ್ಲಿ ನನಗೂ ಒಂದು ಚಪಲ ಹತ್ತಿತು. ಪಕ್ಕದ ಮನೆ ಹುಡುಗನ ಹನ್ನೆರಡನೇ ಕ್ಲಾಸಿನ ಸಿ.ಬಿ.ಎಸ್.ಇ. ದೈಹಿಕ ಶಿಕ್ಷಣದ ಪುಸ್ತಕದಲ್ಲಿ ವಯಸ್ಸಾದವರ ಪರೀಕ್ಷೆಯೂ ಇದೆ. ರಿಕ್ಲಿ ಮತ್ತು ಜೋನ್ಸ್ ಎಂಬ ಕ್ಯಾಲಿಫೋರ್ನಿಯಾದ ಇಬ್ಬರು ಹೆಂಗಸರು ರೂಪಿಸಿದ್ದು. ಹದಿನೇಳು ಇಂಚು ಎತ್ತರದ ಕುರ್ಚಿಯ ಮೇಲೆ ಎದೆಗೆ ಕೈಕಟ್ಟಿ ಕೂತು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರಾ ಎದ್ದು ನಿಲ್ಲಬಹುದೋ ಎಣಿಸಬೇಕು. ಅರವತ್ತೈದು ದಾಟಿದ ಗಂಡಸಿಗೆ ಹನ್ನೆರಡರಿಂದ ಹದಿನೆಂಟು ಬಂದರೆ ಸರಿ. ನಾನು ಜಗುಲಿಯಲ್ಲಿ ಕುರ್ಚಿ ಹಾಕಿ, ಎಣಿಸಲು ಹೆಂಡತಿಯನ್ನು ಕೂರಿಸಿದೆ. ಚೆನ್ನಾಗಿಯೇ ಸಾಗಿತ್ತು. ನಡುವೆ ಹಾಲಿನವನು ಬಂದ. ಅವನಿಗೂ ಅವಳಿಗೂ ಹಿಂದಿನ ತಿಂಗಳ ಲೆಕ್ಕದಲ್ಲಿ ವ್ಯತ್ಯಾಸ. ನಾನು ಏಳುತ್ತಾ ಕೂರುತ್ತಾ ಇದ್ದೆ, ಅವಳು ಲೀಟರು ಎಣಿಸುತ್ತಾ ಇದ್ದಳು. ಕೊನೆಗೆ 'ಎಷ್ಟಾಯ್ತೇ?' ಅಂದರೆ, 'ಇಪ್ಪತ್ತೆಂಟೂವರೆ ರೀ' ಅಂದಳು. ಆ ಅಂಕಿಯನ್ನು ನಾನು ತಿದ್ದಲು ಹೋಗಿಲ್ಲ.

ಪಟ್ಟಿ ಬಂತು. ಹನ್ನೆರಡು ಜನರಲ್ಲಿ ನಮ್ಮ ಹುಡುಗಿ ಇಲ್ಲ, ಕಾದಿರುವವರ ಸಾಲಿನಲ್ಲಿ ಇದ್ದಾಳೆ. ಅಳಲಿಲ್ಲ. ಮಾರನೆಯ ಸಂಜೆ ಮೈದಾನದಲ್ಲಿ ಬೀಪ್ ಮುಗಿಸಿ, ಕಾಲು ನಡುಗುತ್ತಿರುವಾಗಲೇ ಫ್ರೀ ಥ್ರೋ ಗೆರೆಗೆ ಹೋಗಿ ನಿಂತಳು. ಹಲಗೆಯಿಂದ ನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್ ದೂರದ ಗೆರೆ. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ, ಓಡುವುದಿಲ್ಲ, ಎತ್ತರವೂ ಅಷ್ಟಾಗಿ ಲೆಕ್ಕಕ್ಕಿಲ್ಲ. ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಕೈ ನಡುಗದೆ ಚೆಂಡು ಬಿಡಬೇಕು, ಅಷ್ಟೇ. ಎಸೆದಳು, ಎಸೆದಳು, ಎಸೆದಳು. ಬಹುಪಾಲು ಒಳಗೇ ಹೋದ ಹಾಗೆ ನನಗೆ ಕಂಡಿತು. ಮೇಷ್ಟ್ರನ್ನು ಕೇಳಿದೆ, 'ಇದನ್ನೇ ಒಂದು ಟೆಸ್ಟ್ ಮಾಡಬಾರದಾ ಸಾರ್? ಸುಸ್ತಾದ ಮೇಲೆ ಹತ್ತು ಎಸೆತ, ಎಷ್ಟು ಬಿತ್ತು ಅಂತ?'

'ಮಾಡಬಹುದು ಸಾರ್. ಆದರೆ ನಮ್ಮ ರಿಂಗಿಗೆ ನೆಟ್ಟೇ ಇಲ್ವಲ್ಲ' ಅಂದರು. 'ಚೆಂಡು ಒಳಗಿಂದ ಬಂತೋ ಪಕ್ಕದಿಂದ ಬಂತೋ ಅಂತ ದಿನಾ ಜಗಳ. ಟೆಸ್ಟ್ ಅಂದಮೇಲೆ ಪೇರೆಂಟ್ಸ್ ಬಂದು ಜಗಳ ಆಡ್ತಾರೆ.'

ನಿಜ. ನೆಟ್ಟಿನ ಕೆಲಸವೇ ಅದು. ಒಳಗೆ ಬಿದ್ದ ಚೆಂಡನ್ನು ಒಂದು ಗಳಿಗೆ ತಡೆದು, ನೋಡಿದವರಿಗೆಲ್ಲ ಸಾಕ್ಷಿ ಹೇಳಿ ಬಿಡುವುದು. ರಾತ್ರಿ ಊಟದಲ್ಲಿ ಈ ವಿಷಯ ಬಂದಾಗ ತಮ್ಮ, 'ನೂಲು ನಮ್ಮ ಮನೇಲಿ ಇಲ್ದೆ ಇನ್ಯಾರ ಮನೇಲಿ ಇರತ್ತೆ? ರೇಷ್ಮೆ ನೆಟ್ಟೇ ಹಾಕೋಣ' ಎಂದು ಎದೆ ತಟ್ಟಿದ. ಆಮೇಲೆ ಅವತ್ತಿನ ನೂಲಿನ ರೇಟು ನೆನೆದು ಸುಮ್ಮನಾದ. ಮರುದಿನ ಅಂಗಡಿಯಿಂದ ನೀಲಿ ನೈಲಾನ್ ಹಗ್ಗ ತಂದು, ಹನ್ನೆರಡು ಕುಣಿಕೆ ಎಣಿಸಿ, ಮೊಬೈಲಿನಲ್ಲಿ ಚಿತ್ರ ನೋಡಿಕೊಂಡು ಅವನೇ ಹೆಣೆದ. ಎಳೆ ತುಂಡಾದರೆ ಹುಡುಕಿ ಗಂಟು ಹಾಕಿ ಬೆಳೆದ ಬೆರಳು. ಗಂಟು ಚೆನ್ನಾಗಿಯೇ ಬಿತ್ತು. ಸ್ವಲ್ಪ ಹೆಚ್ಚೇ ಚೆನ್ನಾಗಿ. ಕೆಳಗಿನ ಬಾಯಿ ಬಿಗಿಯಾಗಿ, ಬಿದ್ದ ಚೆಂಡು ಅಲ್ಲೇ ಕೂತುಬಿಡುತ್ತದೆ. ಬಿದಿರ ಗಳದಿಂದ ಕೆಳಗಿನಿಂದ ತಿವಿದು ಇಳಿಸುತ್ತಿದ್ದಾರೆ. ನೈಸ್ಮಿತ್ ಮೇಷ್ಟ್ರು ನೋಡಿದ್ದರೆ ತಮ್ಮ ಆಟ ಈಗ ಸರಿಯಾಗಿ ನಡೆಯುತ್ತಿದೆ ಅನ್ನುತ್ತಿದ್ದರು. ಒಳಗೆ ಹೋಯಿತೋ ಇಲ್ಲವೋ ಎನ್ನುವ ಜಗಳವಂತೂ ನಿಂತಿದೆ. ಮಗಳು ಮಾತ್ರ ಬಾಯಿಯನ್ನು ನಾಲ್ಕು ಬೆರಳು ಸಡಿಲ ಮಾಡಿಕೊಡು ಎಂದು ಅಪ್ಪನ ಬೆನ್ನು ಬಿದ್ದಿದ್ದಾಳೆ. ಈ ಭಾನುವಾರ ಮಾಡಿಕೊಡುತ್ತಾನಂತೆ.